ಅವ್ವ ಉಂಡ ಎಡೆ

ಹಾಸನದಲ್ಲಿ ಚಿತ್ರಕಲೆ ಕಲಿಯುತ್ತಿದ್ದಾಗ ನಮಗೊಬ್ಬರು ಮೇಷ್ಟ್ರಿದ್ದರು. ಚನ್ನರಾಯಪಟ್ಟಣದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಬಸ್ಸು ತಡವಾದ ದಿನ ಸಿಟ್ಟಿನಲ್ಲೇ ಪಾಠ ಶುರು ಮಾಡುತ್ತಿದ್ದರು, ಆ ದಿನಗಳಲ್ಲೇ ಅವರ ಪಾಠ ಹೆಚ್ಚು ಚೆನ್ನಾಗಿರುತ್ತಿತ್ತು. ಅಂಥದ್ದೊಂದು ದಿನ ಕಂಕುಳಲ್ಲಿ ಅವುಚಿಕೊಂಡು ಬಂದಿದ್ದ ದಪ್ಪ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿ, 'ಹತ್ತಿರ ಬನ್ನಿ, ಇವರು ಮೆಕ್ಸಿಕೋದವರು' ಎಂದರು. ಮೆಕ್ಸಿಕೋ ಎಲ್ಲಿದೆಯೆಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಪುಟದ ಮೇಲಿದ್ದ ಹೆಂಗಸು ಮಾತ್ರ ಗೊತ್ತಿದ್ದವಳೇ. ಬೆನ್ನ ಮೇಲೆ ದೊಡ್ಡ ಹೂವಿನ ಹೊರೆ ಹೊತ್ತು ಮಂಡಿಯೂರಿದ್ದಳು. ಹೂವು ತೆಗೆದು ಆಲೂಗಡ್ಡೆ ಮೂಟೆ ಇಟ್ಟರೆ ಅವಳು ಅರಕಲಗೂಡು ತಾಲ್ಲೂಕಿನ ಹೊಲದಲ್ಲಿ ಕೂಲಿ ಮಾಡುತ್ತಿದ್ದ ನನ್ನ ಅವ್ವ.

ಆ ಚಿತ್ರಕಾರರ ಬದುಕನ್ನು ಮೇಷ್ಟ್ರು ಪಕ್ಕದೂರಿನವರ ಸಮಾಚಾರದ ಹಾಗೆ ಹೇಳುತ್ತಿದ್ದರು. ಅಲ್ಲಿ ಜಮೀನೆಲ್ಲ ಕೆಲವೇ ದೊಡ್ಡವರ ಕೈಯಲ್ಲಿತ್ತು. ಉಳುವವರು ಬಂದೂಕು ಹಿಡಿದು ಎದ್ದರು, ವರ್ಷಗಟ್ಟಲೆ ರಕ್ತ ಹರಿಯಿತು. ಅದು ತಣ್ಣಗಾದ ಮೇಲೆ ಹೊಸ ಸರ್ಕಾರ ಚಿತ್ರಕಾರರನ್ನು ಕರೆದು ಗೋಡೆಗಳನ್ನು ಕೊಟ್ಟಿತು, ಓದು ಬಾರದವರು ತಮ್ಮ ಕಥೆಯನ್ನು ನೋಡಿಯಾದರೂ ತಿಳಿಯಲಿ ಎಂದು. ಯುರೋಪಿನಲ್ಲಿ ಹೆಸರು ಮಾಡುತ್ತಿದ್ದ ಒಬ್ಬ ದಢೂತಿ ಮನುಷ್ಯ ಊರಿಗೆ ಮರಳಿ, ಅಟ್ಟಣೆ ಹತ್ತಿ, ರೈತರನ್ನೂ ಗಣಿಯವರನ್ನೂ ಬರೆದ. ಇನ್ನೊಬ್ಬನಿಗೆ ಚಿಕ್ಕ ವಯಸ್ಸಿನಲ್ಲೇ ಮದ್ದು ಸಿಡಿದು ಒಂದು ಕೈ ಹೋಗಿತ್ತು. ಕ್ರಾಂತಿಯ ಹೆಣಗಳನ್ನು ಕಣ್ಣಾರೆ ಕಂಡಿದ್ದ ಅವನು ಸೋತವರ ಸಂಕಟದ ಜೊತೆ ಗೆದ್ದವರ ಸೊಕ್ಕನ್ನೂ ಬರೆದ. ಮೂರನೆಯವನು ಸಿಪಾಯಿಯಾಗಿದ್ದವನು, ಜೈಲು ಕಂಡವನು. ಅವನ ಚಿತ್ರದ ಮುಷ್ಟಿ ನೋಡಿದರೆ ಹಿಂದಕ್ಕೆ ಸರಿಯಬೇಕು ಅನಿಸುತ್ತಿತ್ತು. ಆಮೇಲೆ ಒಬ್ಬ ಹೆಣ್ಣುಮಗಳು. ಬಸ್ಸಿನ ಅಪಘಾತದಲ್ಲಿ ಬೆನ್ನುಮೂಳೆ ಮುರಿದು ಹಾಸಿಗೆ ಹಿಡಿದವಳು ಹಾಸಿಗೆಯ ಮೇಲ್ಗಡೆ ಕನ್ನಡಿ ಕಟ್ಟಿಸಿಕೊಂಡು ತನ್ನನ್ನೇ ಬರೆದುಕೊಂಡಳು.

ಮೇಷ್ಟ್ರನ್ನು ಕಾಡಿ ಬೇಡಿ ಆ ಪುಸ್ತಕವನ್ನು ಒಂದು ಶನಿವಾರ ಊರಿಗೆ ತಂದೆ. ಅವ್ವ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಪುಟ ತಿರುಗಿಸಿದಳು. ಕ್ರಾಂತಿ, ಬಂದೂಕು ಯಾವುದೂ ಅವಳನ್ನು ಹಿಡಿದು ನಿಲ್ಲಿಸಲಿಲ್ಲ. ಆ ಹೆಣ್ಣುಮಗಳ ಚಿತ್ರ ಬಂದಾಗ ನಿಂತಳು.

'ಈಯಮ್ಮ ಯಾಕ್ಲಾ ಇಂಗೆ ನೋಡ್ತಾವ್ಳೆ? ಉಬ್ಬು ಬ್ಯಾರೆ ಕೂಡ್ಕಂಡವೆ. ಅಟಮಾರಿ ಇರ್ಬೇಕು.'

'ಬೆನ್ನು ಮುರ್ದಿತ್ತಂತೆ ಕಣವ್ವ. ಮಲ್ಕಂಡೇ ಬರ್ಕಂಡವ್ಳೆ.'

'ಅಂಗಾರೆ ನೋಡ್ಲಿ ಬುಡು' ಎಂದಳು. ಪುಸ್ತಕ ಮುಚ್ಚಿ, 'ನನ್ ಸೊಂಟಾನೂ ಬಿದ್ದೋಗೈತೆ. ನನ್ನ ಯಾವಾಗ್ಲಾ ಬರ್ಯೋದು ನೀನು?' ಎಂದು ಕೇಳಿದಳು. ಬರೀತೀನಿ ಅಂದೆ. ಆ ಮಾತು ಕೈಗೂಡುವಷ್ಟರಲ್ಲಿ ನನ್ನ ತಲೆಯೂ ನರೆತಿತ್ತು.

ನಾನು ಹೊಳೆನರಸೀಪುರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾದೆ. ಮಕ್ಕಳಿಗೆ ಮಾವಿನ ಹಣ್ಣು, ಬಾವುಟ, ಎರಡು ಗುಡ್ಡದ ನಡುವಿನ ಸೂರ್ಯ ಬರೆಯಲು ಹೇಳಿಕೊಟ್ಟೆ. ಮೆಕ್ಸಿಕೋ ಅಂದರೆ ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು, ನನಗೆ ಮೂಗಿನ ತುದಿಯಲ್ಲೇ ಕೋಪ, ಹಾಗಾಗಿ ಹೇಳುವುದನ್ನೇ ಬಿಟ್ಟೆ. ಉಳುವವರಿಗೆ ಭೂಮಿ ಎನ್ನುವ ಕಾನೂನು ನಮ್ಮಲ್ಲೂ ಬಂದಿತ್ತು. ಆದರೆ ನಮ್ಮವರು ಗೇಣಿದಾರರಲ್ಲ, ಬರೀ ಕೂಲಿಯವರು. ಆ ಕಾನೂನು ನಮ್ಮ ಕೇರಿಗೆ ಬರಲಿಲ್ಲ. ಇದು ನೆನಪಾದಾಗಲೆಲ್ಲ ಮೇಷ್ಟ್ರ ಪುಸ್ತಕದ ಆ ಗೋಡೆಗಳೂ ನೆನಪಾಗುತ್ತಿದ್ದವು.

ಕೆಲವು ವರ್ಷಗಳ ಹಿಂದೆ ಕೇರಿಯ ಸಮುದಾಯ ಭವನಕ್ಕೆ ಹೊಸದಾಗಿ ಗಾರೆ ಮಾಡಿಸಿದರು. ಒಳಗೆ ಒಂದು ಕಡೆ ಬುದ್ಧನನ್ನು ಕೂರಿಸಿದ್ದರು, ಇನ್ನೊಂದು ಕಡೆಯ ಉದ್ದ ಗೋಡೆ ಬರಿದಾಗಿತ್ತು. ನಾನೇ ಬರೆದುಕೊಡುತ್ತೇನೆ ಅಂದೆ. ಹಸಿ ಸುಣ್ಣದ ಮೇಲೆ ಬಣ್ಣ ಹಚ್ಚಬೇಕು, ಮೆಕ್ಸಿಕೋದವರು ಹಾಗೇ ಮಾಡುತ್ತಿದ್ದರು ಎಂದು ಜಂಬದಿಂದ ಶುರು ಮಾಡಿದೆ. ಬೇಸಿಗೆಯ ಸೆಕೆಗೆ ಕುಂಚ ಎತ್ತುವುದರೊಳಗೆ ಸುಣ್ಣ ಒಣಗುತ್ತಿತ್ತು. ಆ ಜಂಬ ಬಿಟ್ಟು ಅಂಗಡಿಯ ಡಬ್ಬಿ ಬಣ್ಣ ತಂದೆ. ನಾಟಿ ಹಾಕುವ ಹೆಂಗಸರು, ಹೊಗೆಸೊಪ್ಪು ಬೇಯಿಸುವ ಗೂಡು, ಆಲೂಗಡ್ಡೆ ಮೂಟೆ ಎಲ್ಲವನ್ನೂ ಬರೆದೆ. ಒಂದು ತುದಿಗೆ ಅಪ್ಪನನ್ನು ಹೆತ್ತ, ತೀರಿಹೋದ ನಮ್ಮ ಅಜ್ಜಿ, ಮಧ್ಯದಲ್ಲಿ ತಮಟೆ ಹಿಡಿದ ನಮ್ಮಪ್ಪ.

ಅಪ್ಪ ಸತ್ತಾಗ ನಾನು ಮುಖ ನೆನಪಿಟ್ಟುಕೊಳ್ಳುವ ವಯಸ್ಸಿನವನಲ್ಲ. ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಅವ್ವ ಗೋಡೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತು ಬರೆಸಿದಳು. 'ಮೂಗು ನಿಂದೇ. ಅಣೆ ನಿಮ್ ದೊಡ್ಡಪ್ಪಂದು. ನಕ್ರೆ ಎಡಗಡೆ ಅಲ್ಲು ಕಾಣ್ತಿತ್ತು.' ಎಷ್ಟು ಸಲ ಅಳಿಸಿದೆನೋ ಲೆಕ್ಕವಿಲ್ಲ. ಒಂದು ಮಧ್ಯಾಹ್ನ ಅವಳು ತಿದ್ದುವುದನ್ನು ನಿಲ್ಲಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಆಗ ಮುಖ ಬಂದಿದೆ ಎಂದು ಗೊತ್ತಾಯಿತು. 'ಇವ್ರ ಪಕ್ಕ ಯಾರ್ನ ನಿಲ್ಲುಸ್ತೀಯ?' ಎಂದಳು. 'ನಿನ್ನೇ ಕಣವ್ವ' ಅಂದೆ. ಅವಳು ಮದುಮಗಳ ಹಾಗೆ ನಾಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ದೊಡ್ಡಪ್ಪನಿಗೆ ಇದು ಹಿಡಿಸಲಿಲ್ಲ. ನಮ್ಮ ಮನೆಗಳಲ್ಲಿ ಗೋಡೆಯ ಮೇಲೆ ಪಟವಾಗಿ, ಹಣೆಗೆ ಕುಂಕುಮ ಇಡಿಸಿಕೊಳ್ಳುವವರು ಸತ್ತವರು ಮಾತ್ರ. 'ಬದುಕಿರೋಳ್ನ ಸತ್ತೋರ್ ಜೊತೆ ನಿಲ್ಲುಸ್ತಾರೇನ್ಲಾ?' ಎಂದ. ಮೆಕ್ಸಿಕೋದಲ್ಲಿ ಸತ್ತವರನ್ನೂ ಬದುಕಿರುವವರನ್ನೂ ಒಂದೇ ಗೋಡೆಯಲ್ಲಿ ಬರೆಯುತ್ತಾರೆ, ವರ್ಷಕ್ಕೊಮ್ಮೆ ಸತ್ತವರಿಗೆ ಚೆಂಡು ಹೂವಿಟ್ಟು ನಮ್ಮ ಹಾಗೇ ಎಡೆ ಇಡುತ್ತಾರೆ ಎಂದು ವಿವರಿಸಿದೆ. 'ಅದು ಅವ್ರೂರು ಕಣ್ಲಾ, ಇದು ನಮ್ಮೂರು' ಎಂದು ಎದ್ದು ಹೋದ. ನಾನು ಅವ್ವನನ್ನು ಅಪ್ಪನ ಪಕ್ಕದಲ್ಲೇ ಬರೆದು ಮುಗಿಸಿದೆ.

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಹಿರಿಯರ ಎಡೆಯನ್ನು ಭವನದಲ್ಲೇ ಇಟ್ಟೆವು. ಬುದ್ಧನ ಕಡೆಯವರಾದ ಮೇಲೂ ನಮ್ಮವರು ಎಡೆ ಬಿಟ್ಟಿರಲಿಲ್ಲ, ಮೇಲಾಗಿ ಅಪ್ಪನಿಗೆ ಅದೇ ಮೊದಲ ಸಲ ಒಂದು ಮುಖವಿತ್ತು. ಬಾಳೆ ಎಲೆಯಲ್ಲಿ ಮುದ್ದೆ, ಕೋಳಿ ಸಾರು, ವಡೆ. ಎಡೆ ಇಟ್ಟ ಮೇಲೆ ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಕಾಯಬೇಕು, ಹಿರಿಯರು ಬಂದು ಉಣ್ಣಲಿ ಎಂದು. ಪಟಗಳಿಗೆ ಕುಂಕುಮ ಇಟ್ಟು, ಒಬ್ಬೊಬ್ಬರ ಮುಂದೆ ಎಲೆ ಹಾಕುವ ಕೆಲಸ ದೊಡ್ಡಮ್ಮನದು. ಅವಳೇ ಕೊನೆಗೆ ಹೊರಬಂದು ಬಾಗಿಲು ಎಳೆದುಕೊಂಡಳು.

ಬಾಗಿಲು ತೆಗೆದಾಗ ಎಲ್ಲರೂ ಹೊಸ್ತಿಲಲ್ಲೇ ನಿಂತರು. ಅಪ್ಪನ ಹಣೆಯಲ್ಲಿ ಕುಂಕುಮ. ಪಕ್ಕದಲ್ಲಿ ಅವ್ವನ ಹಣೆಯಲ್ಲೂ ಕುಂಕುಮ, ಕೆಳಗೆ ಚೆಂಡು ಹೂವು, ಅವಳ ಮುಂದೆ ಒಂದು ಎಲೆ. ದೊಡ್ಡಮ್ಮನ ಕಣ್ಣಿಗೆ ಪೊರೆ ಬಂದಿತ್ತು. 'ಅತ್ತೆ ಅಂದ್ಕಂಡೆ ಕಣಮ್ಮಿ, ಅತ್ತೆ ಅಂದ್ಕಂಡೆ' ಎಂದು ಅವ್ವನ ಕೈ ಹಿಡಿದುಕೊಂಡಳು.

'ನಾಳೇನೇ ಆ ಮೊಕಕ್ಕೆ ಸುಣ್ಣ ಬಳೀರಿ' ಎಂದ ದೊಡ್ಡಪ್ಪ.

ನನಗೆ ರೇಗಿತು. ಆ ದಢೂತಿ ಚಿತ್ರಕಾರ ಅಮೆರಿಕದ ಸಾಹುಕಾರನೊಬ್ಬನ ಕಟ್ಟಡದಲ್ಲಿ ಬರೆದಾಗ ಒಂದು ಮುಖ ತೆಗೆ ಎಂದರಂತೆ. ಅವನು ತೆಗೆಯಲಿಲ್ಲ, ಅವರು ಚಿತ್ರವನ್ನೇ ಒಡೆದು ಹಾಕಿದರು. ಇದನ್ನೆಲ್ಲ ಒದರಿ, 'ನೀನೂ ಆ ಸಾವ್ಕಾರ್ನಂಗೆ ಆಡ್ಬ್ಯಾಡ ದೊಡ್ಡಪ್ಪ' ಅಂದೆ.

'ನಾನ್ಯಾವ್ ಸಾವ್ಕಾರ್ನಲಾ? ನಿಮ್ಮವ್ವ ಉಳ್ಕಳ್ಳಿ ಅಂತ ಏಳ್ತಿರೋದು' ಎಂದ. ಅವನ ಕಣ್ಣು ತುಂಬಿತ್ತು. ನಿಜ ಹೇಳಬೇಕೆಂದರೆ ನನಗೂ ಭಯವಾಯಿತು, ಆ ಕುಂಕುಮ ಒರೆಸಲು ಬಟ್ಟೆ ಹುಡುಕುತ್ತಿದ್ದೆ.

ಅಷ್ಟರಲ್ಲಿ ಅವ್ವ ಹೋಗಿ ಆ ಎಲೆಯ ಮುಂದೆ ಕಾಲು ಮಡಿಸಿ ಕೂತುಬಿಟ್ಟಳು. 'ನಂಗೇ ತಾನೆ ಇಕ್ಕಿರೋದು ಭಾವ? ನಾನೇ ಉಣ್ತೀನಿ. ಸತ್ತೋರು ಮುದ್ದೆ ಮುರೀತಾರಾ, ನೋಡ್ಕಳಿ' ಎಂದು ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಿದಳು. 'ಅವ್ರ ಪಕ್ಕ ನಾನು ನಿಂತಿರೋ ಪಟ ಇದೊಂದೇ. ಅವ್ರು ತೀರ್ಕಂಡ್ಮೇಲೆ ನನ್ನಣೆಗೆ ಕುಂಕುಮ ಇಕ್ಕಿದ್ದೂ ಅಕ್ಕ ಒಬ್ಳೇ. ಯಾರೂ ವರುಸ್ಬ್ಯಾಡಿ.' ಎಲೆ ಪೂರ್ತಿ ಖಾಲಿ ಮಾಡಿ ದೊಡ್ಡಮ್ಮನ ಕಡೆ ತಿರುಗಿ, 'ಅಕ್ಕ, ಸಾರ್ಗೆ ಉಪ್ಪು ಕಮ್ಮಿ' ಎಂದಳು. ಮೊದಲು ನಕ್ಕವನು ದೊಡ್ಡಪ್ಪನೇ.

ಆಮೇಲೆ ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯ ಹಬ್ಬಕ್ಕೂ ಅವ್ವನಿಗೆ ಒಂದು ಎಲೆ ಇಡುವುದು, ಬಾಗಿಲು ತೆಗೆದ ಕೂಡಲೇ ಅವಳು ಹೋಗಿ ಕೂತು ಉಣ್ಣುವುದು ಕೇರಿಯಲ್ಲಿ ರೂಢಿಯೇ ಆಯಿತು. ಮಕ್ಕಳು ನೋಡಲು ಮುಗಿಬೀಳುತ್ತಿದ್ದವು. ಮೆಕ್ಸಿಕೋದ ಯಾವ ಗೋಡೆಗೂ ಇಂಥ ಭಾಗ್ಯ ಸಿಕ್ಕಿರಲಾರದು ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಅವ್ವ ಈ ಮುಂಗಾರಿನಲ್ಲಿ ತೀರಿಕೊಂಡಳು. ಮೊನ್ನೆಯ ಮಹಾಲಯ ಅಮಾವಾಸ್ಯೆಗೆ ದೊಡ್ಡಮ್ಮ ಗೋಡೆಯನ್ನು ಕೈಯಿಂದ ತಡವಿ, ಯಾರು ಎಂದು ನನ್ನನ್ನು ಕೇಳಿಕೊಂಡೇ ಅವಳ ಹಣೆಗೆ ಕುಂಕುಮ ಇಟ್ಟಳು. ನಾನು ಎಲೆ ಹಾಕಿ, ಮುದ್ದೆ ಇಟ್ಟು, ಸಾರು ಬಡಿಸಿ, ಪಕ್ಕದಲ್ಲಿ ಒಂದು ಚಿಟಿಕೆ ಉಪ್ಪನ್ನೂ ಇಟ್ಟೆ. ಬಾಗಿಲು ಹಾಕಿಕೊಂಡು ಹೊರಗೆ ನಿಂತೆವು. ಇನ್ನೂ ಸ್ವಲ್ಪ ಹೊತ್ತು ಇರಲಿ, ಇನ್ನೂ ಸ್ವಲ್ಪ ಹೊತ್ತು ಇರಲಿ ಎಂದು ನಾನು ಎಲ್ಲರನ್ನೂ ನಿಲ್ಲಿಸಿಕೊಂಡೆ. ಕೊನೆಗೆ ದೊಡ್ಡಪ್ಪನೇ ಬಾಗಿಲು ತೆಗೆದ. ಎಲೆಯ ಮೇಲೆ ಮುದ್ದೆ ಇಟ್ಟ ಹಾಗೇ ಇತ್ತು.