ಎರಡನೇ ಕ್ಲಾಸಿನ ಅಪ್ಪ

ನಾನು ಕೆಲಸ ಬಿಟ್ಟು ಮನೆಯಲ್ಲಿ ಉಳಿದಾಗ ಮಗಳು ಒಂದನೇ ಕ್ಲಾಸು ಮುಗಿಸುತ್ತಿದ್ದಳು. ಹೆಂಡತಿಗೆ ಬ್ಯಾಂಕಿನಲ್ಲಿ ಬಡ್ತಿ ಸಿಕ್ಕಿತ್ತು. ನನ್ನ ಕಂಪನಿಯಲ್ಲಿ ನಾನು ಮಾಡುತ್ತಿದ್ದ ಕೆಲಸ ಏನೆಂದು ನನಗೇ ವಿವರಿಸಲು ಬರುತ್ತಿರಲಿಲ್ಲ. ಇಬ್ಬರಲ್ಲಿ ಒಬ್ಬರು ಮನೆಯಲ್ಲಿರಬೇಕು ಎಂದಾದಾಗ ಯಾರು ಎಂದು ತೀರ್ಮಾನಿಸಲು ಐದು ನಿಮಿಷವೂ ಹಿಡಿಯಲಿಲ್ಲ.

ಶಂಕರಪುರದ ನಮ್ಮ ಬೀದಿಗೆ ಮಾತ್ರ ಅದನ್ನು ಅರಗಿಸಿಕೊಳ್ಳಲು ಒಂದು ವರ್ಷ ಬೇಕಾಯಿತು. ಬೆಳಗ್ಗೆ ಹನ್ನೊಂದು ಗಂಟೆಗೆ ಕೊತ್ತಂಬರಿ ಸೊಪ್ಪು ಹಿಡಿದು ಬರುವ ನನ್ನನ್ನು ಎದುರು ಮನೆಯ ನಿವೃತ್ತ ಮೇಷ್ಟ್ರು ದಿನವೂ ತಡೆದು ನಿಲ್ಲಿಸುತ್ತಿದ್ದರು.

“ಏನ್ ಸಾರ್, ಇವತ್ತೂ ರಜಾನಾ?”

“ಹೌದು ಸಾರ್, ಇವತ್ತೂ ರಜಾ.”

ಕೆಲವು ತಿಂಗಳಾದ ಮೇಲೆ ಆ ಪ್ರಶ್ನೆ ನಿಂತಿತು. “ಈಗ ಹುಷಾರಾಗಿದೀರಾ?” ಎಂದು ಮೆಲುದನಿಯಲ್ಲಿ ಕೇಳತೊಡಗಿದರು. ಆರೋಗ್ಯವಾಗಿರುವ ಗಂಡಸು ಸುಮ್ಮನೆ ಮನೆಯಲ್ಲಿರುತ್ತಾನೆ ಎಂದು ನಂಬುವುದಕ್ಕಿಂತ, ನನಗೆ ದೊಡ್ಡ ಕಾಯಿಲೆಯೇನೋ ಇದೆ ಎಂದು ನಂಬುವುದು ಅವರಿಗೆ ಸುಲಭವಾಗಿತ್ತು.

ಅನ್ನ, ಸಾರು, ಪಲ್ಯ ಎಲ್ಲ ಕಲಿತೆ. ಆದರೆ ಅನ್ನ ಸಾರಿಗೆ ಯಾರೂ ಮೆಚ್ಚುಗೆ ಕೊಡುವುದಿಲ್ಲ. ಕೇಕ್ ಮಾಡಿದರೆ ಫೋಟೊ ತೆಗೆಯಬಹುದು. ಹಾಗಾಗಿ ಮನೆಗೆ ಓವನ್ ಬಂತು. ನಮ್ಮ ಜೊತೆಯಲ್ಲೇ ಇರುವ ಅತ್ತೆ ಅದಕ್ಕೆ ಅಡುಗೆಮನೆಯಲ್ಲಿ ಜಾಗ ಕೊಡಲಿಲ್ಲ. ಹಿತ್ತಲ ಬಾಗಿಲ ಬಳಿ ವಾಷಿಂಗ್ ಮಷೀನ್ ಪಕ್ಕದಲ್ಲಿ, ಮೊಟ್ಟೆ ಮುಟ್ಟುವುದಿಲ್ಲ ಎಂದು ನಾನು ಮಾತು ಕೊಟ್ಟ ಮೇಲೆ, ಅದನ್ನು ಇರಿಸಲು ಒಪ್ಪಿದರು. ಮೊದಲ ಕೇಕನ್ನು ಅವರ ಮುಂದೆಯೇ ಇಟ್ಟೆ. ಅವರು ಒಂದು ತುಂಡನ್ನು ಬಾಯಲ್ಲಿ ಬಹಳ ಹೊತ್ತು ಅತ್ತಿತ್ತ ತಿರುಗಿಸಿದರು.

“ಅಳಿಯಂದ್ರೇ, ಇದು ಇಷ್ಟು ಗಟ್ಟಿಯಾಗೇ ಬರಬೇಕಿತ್ತಾ, ಇಲ್ಲಾ ಹಾಗೇ ಬಂದ್ಬಿಡ್ತಾ?”

“ಹೀಗೇ ಬರಬೇಕಿತ್ತು ಅತ್ತೆ,” ಎಂದೆ.

ನಾಲ್ಕನೆಯ ಕೇಕು ಉಬ್ಬಿತು. ಅದರ ಫೋಟೊವನ್ನು ಮಗಳ ಕ್ಲಾಸಿನ ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದೆ. ಆ ಗುಂಪಿನಲ್ಲಿ ಇದ್ದವರೆಲ್ಲ ಅಮ್ಮಂದಿರು. ಗಂಡಸು ಅಂತ ಇದ್ದವನು ನಾನೊಬ್ಬನೇ. “ವಾವ್ ಸರ್!” “ನಮ್ಮನೆಯವರಿಗೆ ತೋರಿಸ್ತೀನಿ ಇರಿ!” ಎಂದು ಹತ್ತು ನಿಮಿಷದಲ್ಲಿ ಪರದೆ ತುಂಬಾ ಚಪ್ಪಾಳೆ. ಆ ಹೆಂಗಸರು ದಿನಕ್ಕೆ ಮೂರು ಹೊತ್ತು ಬೇಯಿಸಿ, ಡಬ್ಬಿ ಕಟ್ಟಿ, ಆಮೇಲೆ ಆಫೀಸಿಗೂ ಓಡುತ್ತಿದ್ದರು. ಅವರ ಹುಳಿಗೆ ಯಾರೂ ಯಾವತ್ತೂ ಚಪ್ಪಾಳೆ ತಟ್ಟಿದ್ದು ನಾನು ಕಾಣೆ. ಇದು ನನಗೆ ಆಗಲೇ ಹೊಳೆದಿತ್ತು. ಹೊಳೆದ ಮೇಲೂ ನಾಚಿಕೆಯಿಲ್ಲದೆ ಚಪ್ಪಾಳೆಗಳನ್ನು ಎಣಿಸಿಕೊಂಡೆ.

ಓವನ್ ಮುಂದೆ ಮಗಳು ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದಳು. “ಅಪ್ಪಾ, ನಾನು ತಿರುಗಿಸ್ಲಾ?” ಎಂದು ಕೇಳುತ್ತಿದ್ದಳು. “ಆಮೇಲೆ ಚಿನ್ನ,” ಎನ್ನುತ್ತಿದ್ದೆ. ಅವಳು ತಿರುಗಿಸಿದರೆ ಹಿಟ್ಟು ಚೆಲ್ಲುತ್ತದೆ, ಚೆಲ್ಲಿದರೆ ಫೋಟೊ ಕೆಡುತ್ತದೆ. ಕೆಲಸ ಬಿಟ್ಟಿದ್ದು ಮಗಳಿಗಾಗಿ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದವನು ನಾನೇ.

ಅವಳು ಎರಡನೇ ಕ್ಲಾಸಿಗೆ ಬಂದಾಗ ಸ್ಕೂಲಿನಿಂದ ಒಂದು ಚೀಟಿ ಬಂತು. ‘ವೇಸ್ಟ್‌ನಿಂದ ಬೆಸ್ಟ್’ ಪ್ರದರ್ಶನವಂತೆ. ಮನೆಯಲ್ಲಿ ಬಿಸಾಡುವ ವಸ್ತುಗಳಿಂದ ಮಕ್ಕಳು ತಮ್ಮ ಕೈಯಿಂದಲೇ ಏನಾದರೂ ಮಾಡಿ ತರಬೇಕು. ‘ತಮ್ಮ ಕೈಯಿಂದಲೇ’ ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದರು. ಅದು ನನ್ನಂಥವರಿಗಾಗಿಯೇ ಎಳೆದ ಗೆರೆ ಎಂದು ನನಗೆ ಅನ್ನಿಸಲೇ ಇಲ್ಲ.

ಮರುದಿನ ಅವಳನ್ನು ಸ್ಕೂಲಿಗೆ ಬಿಟ್ಟು ನೇರ ಚಾಮರಾಜಪೇಟೆಯ ಸ್ಟೇಷನರಿ ಅಂಗಡಿಗೆ ಹೋದೆ. ಅಲ್ಲಿ ಆಗಲೇ ಆರೇಳು ಜನ ಪೋಷಕರು ನಿಂತಿದ್ದರು.

“ವೇಸ್ಟ್ ಪ್ರಾಜೆಕ್ಟಾ ಸಾರ್?” ಎಂದರು ಅಂಗಡಿಯವರು, ನಾನು ಬಾಯಿ ತೆರೆಯುವ ಮುಂಚೆಯೇ. “ಐಸ್‌ಕ್ರೀಮ್ ಕಡ್ಡಿ ಹೊಸಾ ಪ್ಯಾಕೆಟ್ ಇದೆ. ಖಾಲಿ ರಟ್ಟಿನ ಡಬ್ಬಿ ಬೇಕಾ? ಅದೂ ಹೊಸದೇ ಬಂದಿದೆ, ನೀಟಾಗಿದೆ.”

ಬಿಸಾಡುವ ವಸ್ತುಗಳನ್ನು ಹೊಚ್ಚ ಹೊಸದಾಗಿ ಕೊಂಡು, ಎರಡು ಚೀಲ ತುಂಬಿಸಿಕೊಂಡು ಮನೆಗೆ ಬಂದೆ. ಮನೆಯ ಕಸದ ಬುಟ್ಟಿಯಲ್ಲಿದ್ದ ನಿಜವಾದ ವೇಸ್ಟನ್ನು ಎಂದಿನಂತೆ ಮರುದಿನ ಬೆಳಗಿನ ಕಸದ ಗಾಡಿಗೆ ಹಾಕಿದೆ.

ಬಸವನಗುಡಿಯಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿರುವಂಥ, ಕಿಟಕಿಗಳ ಮೇಲೆ ‘ಮಂಕಿ ಟಾಪ್’ ಎಂಬ ಚೂಪು ತುದಿಯ ಮರದ ಮಾಡಿರುವ ಹಳೇ ಬಂಗಲೆಯೊಂದನ್ನು ಕಟ್ಟಲು ನಿಶ್ಚಯಿಸಿದೆ. ಕಡ್ಡಿಗಳನ್ನು ಸೀಳಿ ಕಿಟಕಿಯ ಜಾಲಂಧ್ರ, ರಟ್ಟಿನ ಹೆಂಚು, ಜಗಲಿ, ಗೇಟು ಎಲ್ಲ ಮಾಡಿದೆ. ನಾಲ್ಕು ದಿನ ಸೊಂಟ ನೇರ ಮಾಡಲಿಲ್ಲ. ಹುಳಿ ಎರಡು ಸಲ ತಳ ಹಿಡಿಯಿತು. ಮಗಳಿಗೆ ಗಮ್ ಡಬ್ಬಿಯ ಮುಚ್ಚಳ ಹಿಡಿದುಕೊಳ್ಳುವ ಕೆಲಸ ಕೊಟ್ಟಿದ್ದೆ. ಮೂರನೆಯ ಸಂಜೆ ನಾನು ಕಾಫಿಗೆ ಎದ್ದಾಗ ಅವಳು ಒಂದು ಗೋಡೆಗೆ ನೇರಳೆ ಬಣ್ಣ ಬಳಿದುಬಿಟ್ಟಳು. ಮರುದಿನ ಅವಳು ಸ್ಕೂಲಿನಲ್ಲಿದ್ದಾಗ ಅದರ ಮೇಲೆ ತಿಳಿ ಹಳದಿ ಹೊಡೆದೆ.

“ನನ್ನ ನೇರಳೆ ಎಲ್ಲಿ?” ಎಂದಳು, ಬಂದವಳೇ.

“ಹಳೇ ಬಂಗಲೆಗಳಿಗೆ ಆ ಬಣ್ಣ ಇರಲ್ಲ ಪುಟ್ಟಿ.”

ಅಳಲಿಲ್ಲ. ಮುಚ್ಚಳವನ್ನು ಮೇಜಿನ ಮೇಲಿಟ್ಟು ಅಜ್ಜಿಯ ಕೋಣೆಗೆ ಹೋದಳು.

ಪ್ರದರ್ಶನದ ದಿನ ಸ್ಕೂಲಿನ ಹಾಲ್ ಒಂದು ಇಂಜಿನಿಯರಿಂಗ್ ಕಾಲೇಜಿನಂತೆ ಕಾಣುತ್ತಿತ್ತು. ದೀಪ ಹತ್ತುವ ಮೆಟ್ರೋ ರೈಲು, ನೀರು ಚಿಮ್ಮುವ ಕಾರಂಜಿ. ನಮ್ಮ ಪಕ್ಕದ ಮೇಜಿನಲ್ಲಿ ತಿರುಗುವ ಗಾಳಿಯಂತ್ರವಿತ್ತು. ಅದರ ಒಡತಿ, ಮಗನ ಕಾಲರ್ ಸರಿಮಾಡುತ್ತಾ ಪಾಠ ಒಪ್ಪಿಸಿಕೊಳ್ಳುತ್ತಿದ್ದರು.

“ಮಿಸ್ ಕೇಳಿದ್ರೆ ಏನಂತೀಯಾ?”

“ನಾನೇ ಮಾಡ್ದೆ.”

“ಸರ್ಕ್ಯೂಟ್ ಯಾರು ಹಾಕಿದ್ದು?”

“ನಾನೇ.” ಸ್ವಲ್ಪ ತಡೆದು, “ಅಮ್ಮಾ, ಸರ್ಕ್ಯೂಟ್ ಅಂದ್ರೆ ಯಾವ್ದು?”

ನಾನು ಒಳಗೊಳಗೇ ನಕ್ಕೆ. ಸುಳ್ಳು ಹೇಳಿಕೊಡುವಷ್ಟು ಕೆಳಗಿಳಿದಿಲ್ಲವಲ್ಲ ನಾನು ಎಂಬ ಹೆಮ್ಮೆ ಬೇರೆ. ನಿಜ ಹೇಳಬೇಕೆಂದರೆ, ಹಾಗೊಂದು ತಯಾರಿ ಬೇಕು ಎಂಬುದು ನನಗೆ ಹೊಳೆದಿರಲಿಲ್ಲ, ಅಷ್ಟೆ.

ಕ್ಲಾಸ್ ಟೀಚರ್ ನಿವೃತ್ತಿಯ ಅಂಚಿನಲ್ಲಿದ್ದ ಹೆಂಗಸು. ಕನ್ನಡಕ ಮೂಗಿನ ತುದಿಗಿಳಿಸಿಕೊಂಡು ಒಂದೊಂದೇ ಮೇಜಿನ ಮುಂದೆ ನಿಲ್ಲುತ್ತಾ ಬಂದರು. ನಮ್ಮ ಬಂಗಲೆಯ ಕಿಟಕಿಯೊಳಗೆ ಬಗ್ಗಿ ನೋಡಿದರು.

“ತುಂಬಾ ಚೆನ್ನಾಗಿದೆ ಕಣಮ್ಮಾ. ಯಾರು ಮಾಡಿದ್ದು?”

“ಅಪ್ಪ,” ಎಂದಳು ಮಗಳು.

“ನೀನೇನ್ ಮಾಡ್ದೆ?”

“ಗಮ್ ಡಬ್ಬಿ ಮುಚ್ಚಳ ಹಿಡ್ಕೊಂಡಿದ್ದೆ ಮಿಸ್. ಆಮೇಲೆ ಒಂದು ಗೋಡೆಗೆ ಬಣ್ಣ ಹೊಡ್ದೆ. ಅಪ್ಪ ಅಳಿಸ್ಬಿಟ್ರು.”

ಟೀಚರ್ ಕನ್ನಡಕ ಮೇಲಕ್ಕೇರಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಕೈಕೆಲಸ ತುಂಬಾ ನೀಟಾಗಿದೆ ಸರ್. ನಿಮ್ಮನ್ನ ಯಾವ ಕ್ಲಾಸಿಗೆ ಸೇರಿಸ್ಕೊಳ್ಲಿ? ಎರಡನೇ ಕ್ಲಾಸ್ ಸಾಕಾ?”

ಇಡೀ ಹಾಲ್ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಗಾಳಿಯಂತ್ರದ ಒಡತಿ. ನಾನೂ ನಕ್ಕಂತೆ ಮಾಡಿದೆ. ಟೀಚರ್ ಮಗಳ ತಲೆ ಸವರಿ ಮುಂದಿನ ಮೇಜಿಗೆ ಹೋದರು.

ಬಂಗಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಗಾಂಧಿ ಬಜಾರಿನ ಜನರ ನಡುವೆ ವಾಪಸು ನಡೆದೆವು. ಹೂವಿನವರೆಲ್ಲ ತಲೆಯೆತ್ತಿ ನೋಡುತ್ತಿದ್ದರು.

“ಅಪ್ಪಾ, ನಾನು ಸುಳ್ಳು ಹೇಳ್ಬೇಕಿತ್ತಾ?”

“ಇಲ್ಲ ಕಂದಾ. ಸರಿಯಾಗೇ ಹೇಳ್ದೆ.”

“ಮತ್ತೆ ಮುಖ ಯಾಕೆ ಹಾಗಿಟ್ಕೊಂಡಿದೀಯಾ?”

“ಬಂಗಲೆ ಭಾರ ಇದೆ,” ಎಂದೆ. ರಟ್ಟಿನ ಬಂಗಲೆ. ಅವಳು ಒಂದು ಮೂಲೆಗೆ ಬೆರಳು ಕೊಟ್ಟು, ಮನೆಯವರೆಗೂ ಹಿಡಿದುಕೊಂಡೇ ಬಂದಳು.

ಸಂಜೆ ಹೆಂಡತಿ ಬ್ಯಾಂಕಿನಿಂದ ಬಂದಾಗ ಮಗಳು ಟೀಚರ್ ಆಡಿದ್ದನ್ನೆಲ್ಲ ಅಭಿನಯಿಸಿ ತೋರಿಸಿದಳು. ಹೆಂಡತಿ ಸೋಫಾದ ಮೇಲೆ ಉರುಳಿ ನಕ್ಕಳು. ಅತ್ತೆ ಮಾತ್ರ ನನ್ನ ಪರ ನಿಂತರು: “ಪಾಪ, ನಾಲ್ಕು ದಿನ ಸೊಂಟ ಮುರ್ಕೊಂಡು ಮಾಡಿದಾರೆ. ಒಂದು ಸ್ಟಾರ್ ಆದ್ರೂ ಹಾಕಬಹುದಿತ್ತು.” ಇದಕ್ಕಿಂತ ಅವರು ಬೈದಿದ್ದರೆ ಚೆನ್ನಾಗಿತ್ತು.

ಆ ಭಾನುವಾರ ಮಗಳಿಗೆ ಏಪ್ರನ್ ಕಟ್ಟಿ, ಹಿಟ್ಟಿನ ಪಾತ್ರೆ ಅವಳ ಮುಂದಿಟ್ಟೆ. ಬಿಸಿ ಓವನ್ ಮಾತ್ರ ನಾನು ಮುಟ್ಟುವುದು, ಉಳಿದದ್ದೆಲ್ಲ ಅವಳದು ಎಂದು ಒಪ್ಪಂದವಾಯಿತು. ಸಕ್ಕರೆ ಅರ್ಧ ನೆಲಕ್ಕೆ ಹೋಯಿತು. ಹಿಟ್ಟು ಜರಡಿಯೇ ಹಿಡಿಯದೆ ಗಂಟುಗಂಟಾಗಿ ಬಿತ್ತು. ಮೇಲೆ ಒಂದು ಹಿಡಿ ಕಡ್ಲೆಪುರಿ ಉದುರಿಸಿದಳು. ನಾನು ಎರಡು ಸಲ ಕೈ ಚಾಚಿದೆ. ಎರಡನೇ ಸಲ ಅವಳು ನನ್ನ ಮೊಣಕೈ ಹಿಡಿದು ಹಾಲ್‌ಗೆ ತಂದು ಕೂರಿಸಿದಳು. “ಕರೀತೀನಿ, ಆಗ ಬಾ.”

ಬಂದ ಕೇಕು ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಕುಸಿದಿತ್ತು. ಕಡ್ಲೆಪುರಿ ಮೆತ್ತಗಾಗಿತ್ತು. ಚೆನ್ನಾಗಿತ್ತು ಎಂದರೆ ಸುಳ್ಳಾಗುತ್ತದೆ. ಅತ್ತೆ ಎರಡು ತುಂಡು ತಿಂದು ಮೂರನೆಯದಕ್ಕೆ ತಟ್ಟೆ ಮುಂದೆ ಮಾಡಿದರು.

ಅಭ್ಯಾಸಬಲದಿಂದ ಫೋಟೊ ತೆಗೆದು ಗುಂಪಿಗೆ ಹಾಕಿದೆ, ‘ಮಗಳು ತಾನೇ ಮಾಡಿದ್ದು’ ಎಂದು ಬರೆದು. ಚಪ್ಪಾಳೆ ಒಂದೂ ಬೀಳಲಿಲ್ಲ. ಕಡೆಗೆ ಗಾಳಿಯಂತ್ರದ ಒಡತಿಯಿಂದ ಒಂದು ಸಾಲು ಬಂತು: “ಮುದ್ದಾಗಿದೆ ಸರ್. ಆದ್ರೂ ನೀವು ಸ್ವಲ್ಪ ಹೆಲ್ಪ್ ಮಾಡಬಹುದಿತ್ತು.”

ಉತ್ತರ ಬರೆದು, ಅಳಿಸಿ, ಫೋನ್ ಕೆಳಗಿಟ್ಟು ಪಾತ್ರೆ ತೊಳೆಯಲು ಎದ್ದೆ. ತಳಕ್ಕೆ ಅಂಟಿದ್ದು ಸುಲಭಕ್ಕೆ ಬಿಡುವಂತಿರಲಿಲ್ಲ.