ಭಾರತ ರೂಪಸಿಗೆ ಹೋದ ಹುಲಿಗವ್ವ

ಕೊಪ್ಪಳದ ಪಕ್ಕದ ಭಾಗ್ಯನಗರದ ಕೂದಲು ಕಾರ್ಖಾನೆಯಲ್ಲಿ ಕೂತು ಕೆಲಸ ಮಾಡುವಾಗ ಹುಲಿಗವ್ವ ಎಷ್ಟು ಎತ್ತರ ಅನ್ನುವುದು ಯಾರಿಗೂ ತಿಳಿಯುತ್ತಿರಲಿಲ್ಲ. ಎದ್ದು ನಿಂತರೆ ಐದು ಅಡಿ ಒಂಬತ್ತು ಇಂಚು. ಜನ ತಿರುಗಿ ನೋಡುತ್ತಾರೆಂದು ಅವಳು ಏಳುವುದೇ ಕಡಿಮೆ. ವ್ಯಾಪಾರಿಗಳು ಊರೂರು ತಿರುಗಿ ಪಾತ್ರೆ ಕೊಟ್ಟು ಬದಲಿಗೆ ತಂದ ಕೂದಲು, ಗುಡಿಗಳಲ್ಲಿ ಮುಡಿ ಕೊಟ್ಟ ಕೂದಲು ಚೀಲಗಟ್ಟಲೆ ಬಂದು ಬೀಳುತ್ತಿತ್ತು. ಅದರ ಸಿಕ್ಕು ಬಿಡಿಸಿ, ಮೊಳೆ ಹೊಡೆದ ಹಲಗೆಯ ಮೇಲೆ ಬಾಚಿ, ವಿಗ್ಗು, ಚೌರಿಗೆಂದು ಉದ್ದ ನೋಡಿ ಬೇರೆ ಬೇರೆ ಕಟ್ಟು ಕಟ್ಟುವುದು ಅವಳ ಕೆಲಸ.

ಅವಳ ಊರು ತಾವರಗೇರಾ. ಅಪ್ಪ ಇಲ್ಲ. ಒಂಬತ್ತನೇ ತರಗತಿಯಲ್ಲಿದ್ದಾಗ, ಹದಿನಾಲ್ಕು ವರ್ಷದವಳನ್ನು ಅವ್ವ ಪಕ್ಕೀರವ್ವ ತನ್ನ ತಮ್ಮ ಸುಭಾಷನಿಗೆ ಕೊಟ್ಟು ಮದುವೆ ಮಾಡಿದ್ದಳು. ಅವನಿಗೆ ಆಗ ಇಪ್ಪತ್ತಾರು. ಹನ್ನೊಂದನೇ ದಿನ ಹುಲಿಗವ್ವ ಸಾಲಿಗೆ ಹೋಗುತ್ತೇನೆಂದು ಪಾಟಿಚೀಲ ಹಿಡಿದು ಹೊರಟವಳು ಕುಷ್ಟಗಿ ಬಸ್ಸು ಹತ್ತಿ ಪೊಲೀಸ್ ಠಾಣೆಗೆ ಹೋದಳು. ಅಲ್ಲಿಂದ ಕೊಪ್ಪಳದ ಬಾಲಮಂದಿರ. ಎಸ್ಸೆಸ್ಸೆಲ್ಸಿ, ಪಿಯುಸಿ ಅಲ್ಲೇ ಮುಗಿದವು. ಹದಿನೆಂಟು ತುಂಬಿದ ಮೇಲೆ ಕೋರ್ಟಿಗೆ ಅರ್ಜಿ ಹಾಕಿದಳು. ಮದುವೆ ರದ್ದಾಯಿತು. “ಇನ್ನ ನಿನ್ನ ಮದುವಿ ಆಗೇ ಇಲ್ಲ ಅಂತ ತಿಳ್ಕೊ,” ಎಂದರು ವಕೀಲರು. ಅವಳು ಹಾಗೇ ತಿಳಿದುಕೊಂಡಳು. ಆಮೇಲೆ ಕೆಲಸಕ್ಕೆ ಬಂದ ಭಾಗ್ಯನಗರದಲ್ಲಿ ಈ ಸಂಗತಿ ಯಾರಿಗೂ ಗೊತ್ತಿರಲಿಲ್ಲ.

ಅವಳು ಬಾಡಿಗೆಗಿದ್ದ ಕೋಣೆಯ ಕೆಳಗೆ ಮುನವ್ವರಳ ಬ್ಯೂಟಿ ಪಾರ್ಲರ್. ಐವತ್ತರ ಸಮೀಪದ ಮುನವ್ವರಳಿಗೆ ‘ಭಾರತ ರೂಪಸಿ’ ಸ್ಪರ್ಧೆಯ ಹುಚ್ಚು. ಮೊದಲ ವರ್ಷದಿಂದ ಗೆದ್ದವರ ಚಿತ್ರಗಳನ್ನು ಹಳೆ ಪತ್ರಿಕೆಗಳಿಂದ ಕತ್ತರಿಸಿ ಒಂದು ದಪ್ಪ ಪುಸ್ತಕಕ್ಕೆ ಅಂಟಿಸಿದ್ದಳು. ಒಂದು ಭಾನುವಾರ ಅದನ್ನು ತಿರುವಿ ಹಾಕುತ್ತಾ ಹೇಳಿದಳು.

“ಮೊದಲೆಲ್ಲಾ ಮುಂಬೈ ದೊಡ್ಡ ಮಂದಿ ಮಕ್ಕಳೇ ಬರತಿದ್ರು ನೋಡು. ಸೀರಿ ಉಟ್ಟು ಎರಡು ಸುತ್ತು ನಡದ್ರ ಮುಗೀತು. ತೊಂಬತ್ತರ ನಂತರ ನಮ್ಮ ಹುಡುಗ್ಯಾರು ಹೊರದೇಶದಾಗ ಗೆದ್ದು ಬಂದ್ರು. ಆಮ್ಯಾಲ ಸಣ್ಣ ಊರಿನವರಿಗೂ ಬಾಗಲಾ ತೆರೀತು.”

“ನಮ್ಮ ಕಡೆದಾಕಿ ಯಾರರ ಅದಾರನ ಆಪಾ?” ಅಕ್ಕ ಅನ್ನುವ ಹಾಗೆ ಹುಲಿಗವ್ವ ಅವಳನ್ನು ಆಪಾ ಎನ್ನುತ್ತಿದ್ದಳು.

“ಯಾರೂ ಇಲ್ಲ. ನೀ ಒಂದಿಷ್ಟು ಎದ್ದು ನಿಂದ್ರು.”

ಹುಲಿಗವ್ವ ನಕ್ಕಳು. ಆದರೆ ಎದ್ದು ನಿಂತಳು. ಆ ತಿಂಗಳಲ್ಲೇ ಮುನವ್ವರ ಮಹಡಿಯ ಮೇಲೆ ಅವಳನ್ನು ನಡೆಸಿ, ಮೊಬೈಲಿನಲ್ಲಿ ವಿಡಿಯೋ ಮಾಡಿ ಸ್ಪರ್ಧೆಯವರಿಗೆ ಕಳಿಸಿದಳು. ರಾಜ್ಯದ ಆಯ್ಕೆಗೆ ಬೆಂಗಳೂರಿನಿಂದ ಕರೆ ಬಂತು.

ಅಲ್ಲಿನ ದೊಡ್ಡ ಹೋಟೆಲ್ಲಿನಲ್ಲಿ ಮುನ್ನೂರು ಹುಡುಗಿಯರಿದ್ದರು. ಸರದಿ ಬಂದಾಗ ತೀರ್ಪುಗಾರರಲ್ಲಿ ಒಬ್ಬರು ಅವಳ ಕೆಲಸ ಕೇಳಿದರು. ಹೇಳಿದಳು. ಹಿಂದೆ ಯಾರೋ ಕಿಸಕ್ಕೆಂದರು.

“ಹಾಗಾದರೆ ಇಲ್ಲಿ ಯಾರ ಕೂದಲು ಸ್ವಂತದ್ದಲ್ಲ, ಹೇಳ್ತೀರಾ?” ತೀರ್ಪುಗಾರರು ಕೇಳಿದರು.

ಹುಲಿಗವ್ವ ಹುಡುಗಿಯರ ಸಾಲಿನ ಕಡೆ ಒಮ್ಮೆ ನೋಡಿದಳು. “ಗುರುತು ಹಿಡೀತೀನ್ರಿ. ಆದ್ರ ಹೇಳಂಗಿಲ್ಲ. ಯಾವಾಕಿನೋ ದೇವರಿಗೆ ಕೊಟ್ಟಾಳ, ಇವರು ಮುಡಕೊಂಡಾರ. ನಡುವ ಕುಂತು ನಾ ಸಿಕ್ಕು ಬಿಡಿಸೀನಿ, ಅಷ್ಟ.”

ಸಂಜೆ ಹೊತ್ತಿಗೆ ರಾಜ್ಯದಿಂದ ಮುಂಬೈಗೆ ಹೋಗುವ ಮೂವರಲ್ಲಿ ಅವಳ ಹೆಸರಿತ್ತು. ಸಹಿಗೆ ಕೊಟ್ಟ ಕಾಗದದಲ್ಲಿ ‘ಅವಿವಾಹಿತೆ’ ಎಂಬ ಪದದ ಮುಂದೆ ಹೌದು ಅಂತ ಗುರುತು ಹಾಕಿದಳು. ಅದು ಸುಳ್ಳು ಅನ್ನಿಸಲಿಲ್ಲ.

ಪತ್ರಿಕೆಯ ಜಿಲ್ಲಾ ಪುಟದಲ್ಲಿ ಫೋಟೋ ಬಂತು. ಮೂರು ದಿನ ಕಾರ್ಖಾನೆಯ ಹೆಂಗಸರು ಅವಳ ಕೈಯಿಂದ ಹಲಗೆ ಕಸಿದುಕೊಂಡು, “ಬೆರಳಿಗೆ ಮೊಳಿ ತಾಗಿಸ್ಕೊಬ್ಯಾಡವಾ,” ಎಂದರು. ನಾಲ್ಕನೇ ದಿನ ಸುಭಾಷ ತಾವರಗೇರಾದಿಂದ ಮದುವೆಯ ಫೋಟೋ ಹರಿಬಿಟ್ಟ. ಬಾಸಿಂಗ ಕಟ್ಟಿದ ಹುಡುಗಿ, ಪಕ್ಕದಲ್ಲಿ ಅವನು. ಕೆಳಗೆ, ‘ಈಕಿ ನನ್ನ ಹೆಂಡ್ತಿ, ಬಿಟ್ಟು ಓಡಿ ಹೋದಾಕಿ’ ಎಂದು ಬರೆದಿದ್ದ. ಮಧ್ಯಾಹ್ನದೊಳಗೆ ಕಾರ್ಖಾನೆಯ ಎಲ್ಲರ ಮೊಬೈಲಿಗೂ ಅದು ಬಂದಿತ್ತು. ಹುಲಿಗವ್ವ ಪೊಲೀಸರಿಗೆ ದೂರು ಕೊಟ್ಟಳು. ಅವರು ಗದರಿಸಿದ ಮೇಲೆ ಸುಭಾಷ ಫೋಟೋ ತೆಗೆದ. ಅಷ್ಟರಲ್ಲಿ ನೋಡದವರು ಯಾರೂ ಉಳಿದಿರಲಿಲ್ಲ.

ಸ್ಪರ್ಧೆಯ ಕಚೇರಿಯಿಂದ ಒಬ್ಬ ಮೇಡಂ ಫೋನ್ ಮಾಡಿದರು. ಹುಲಿಗವ್ವ ಕೋರ್ಟಿನ ಆದೇಶ ಕಳಿಸಿದಳು. ಎರಡು ದಿನ ಬಿಟ್ಟು ಅವರೇ ಮತ್ತೆ ಫೋನ್ ಮಾಡಿದರು.

“ನೋಡಮ್ಮ, ಯಾವತ್ತೂ ಮದುವೆ ಆಗಿರಬಾರದು, ರದ್ದಾದ ಮದುವೆಯೂ ಇರಬಾರದು ಅಂತಿದೆ. ಸ್ಪರ್ಧೆ ಶುರುವಾದಾಗಿನಿಂದ ಇರೋ ನಿಯಮ.”

“ನನಗ ಹದಿನಾಲ್ಕು ವರ್ಷ ಇತ್ರಿ.”

“ಓದಿದೆ. ನನಗೂ ಬೇಜಾರಾಯ್ತು.”

“ಕೋರ್ಟು ಮದುವಿನ ಆಗಿಲ್ಲ ಅಂತ ಹೇಳೇತಲ್ರಿ.”

“ರದ್ದಾಗಬೇಕಾದ್ರೆ ಮೊದಲು ಆಗಿರಬೇಕಲ್ವಾ?” ಎಂದರು ಮೇಡಂ. ಅವರ ದನಿಯಲ್ಲಿ ಕೊಂಕು ಇರಲಿಲ್ಲ.

ಅವಳ ಬದಲು ನಾಲ್ಕನೆಯವಳಾಗಿ ಬಂದಿದ್ದ ಹುಡುಗಿಯನ್ನು ಮುಂಬೈಗೆ ಕರೆದರು.

ಆ ವಾರ ಪಕ್ಕೀರವ್ವ ತಾವರಗೇರಾದಿಂದ ಬಂದಳು. ಚಹಾ ಕುಡಿದು ಲೋಟ ಕೆಳಗಿಟ್ಟಳು.

“ಮಂದಿ ಎಲ್ಲಾ ನಿನ್ನ ಅವನ ಹೆಂಡ್ತಿ ಅಂತಾರ. ಇನ್ನ ಯಾರು ಮಾಡ್ಕೊಂತಾರ ನಿನ್ನ? ಅವ ಇನ್ನೂ ಕರಕೊಂತೀನಿ ಅಂತಾನ. ಬಾ.”

ಹುಲಿಗವ್ವ ಟ್ರಂಕಿನಿಂದ ಆದೇಶ ತೆಗೆದು ಅವ್ವನ ತೊಡೆಯ ಮೇಲಿಟ್ಟಳು. ಪಕ್ಕೀರವ್ವನಿಗೆ ಓದು ಬರದು. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಇದರಾಗ ಏನ್ ಬರದಾರೋ ನನಗ ತಿಳಿಯಂಗಿಲ್ಲ. ನಿನ್ನ ತಲಿ ಮ್ಯಾಲ ಅಕ್ಕಿಕಾಳು ಹಾಕಿದಾಕಿ ನಾನ.”

“ನಾ ಬರಂಗಿಲ್ಲ ಯವ್ವಾ.”

ಪಕ್ಕೀರವ್ವ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು. ಮತ್ತೆ ಬರಲಿಲ್ಲ, ಫೋನೂ ಮಾಡಲಿಲ್ಲ. ಕಾರ್ಖಾನೆಯಲ್ಲಿ ಹೆಂಗಸರು ಕೆಟ್ಟ ಮಾತೇನೂ ಆಡಲಿಲ್ಲ. ಅವಳು ಬಂದು ಕೂತ ಕೂಡಲೇ ನಡೆಯುತ್ತಿದ್ದ ಮಾತು ನಿಲ್ಲುತ್ತಿತ್ತು, ಅಷ್ಟೇ. ಗಂಗಾವತಿ ಕಡೆಯಿಂದ ಬಂದಿದ್ದ ಒಂದು ಸಂಬಂಧದವರು, ಆಮೇಲೆ ತಿಳಿಸುತ್ತೇವೆ ಎಂದವರು ತಿಳಿಸಲಿಲ್ಲ.

ಮರುವರ್ಷ ಶ್ರಾವಣ ಕಳೆದ ಮೇಲೆ ಒಂದು ದಿನ ಮುನವ್ವರ ಅವಳನ್ನು ಕೆಳಗೆ ಕರೆದು ಮೊಬೈಲಿನಲ್ಲಿ ಸುದ್ದಿ ಓದಿದಳು. ಭಾರತ ರೂಪಸಿಯವರು ನಿಯಮ ತಿದ್ದಿದ್ದರು. ಮದುವೆಯಾದವರು, ಗಂಡನನ್ನು ಬಿಟ್ಟವರು, ಮಕ್ಕಳ ತಾಯಂದಿರು, ಎಲ್ಲರೂ ಇನ್ನು ಮುಂದೆ ಬರಬಹುದು.

“ವಯಸ್ಸು?” ಹುಲಿಗವ್ವ ಕೇಳಿದಳು.

ಮುನವ್ವರ ಮೊಬೈಲಿನಿಂದ ಕಣ್ಣೆತ್ತಲಿಲ್ಲ. “ಅದು ಇಪ್ಪತ್ತೈದ ಐತಿ.”

ಹುಲಿಗವ್ವನಿಗೆ ಇಪ್ಪತ್ತಾರು ನಡೆಯುತ್ತಿತ್ತು.

“ಇದನ್ನ ಯಾಕ ಓದಿ ಹೇಳಿದಿ ಆಪಾ?”

“ಬ್ಯಾರೆಯವರ ಬಾಯಿಂದ ಕೇಳೂದು ಬ್ಯಾಡ ಅಂತ.”

ಹುಲಿಗವ್ವ ತಲೆಯಾಡಿಸಿದಳು. ಹೊಸದಾಗಿ ಗೆದ್ದ ರೂಪಸಿಯ ಚಿತ್ರವನ್ನು ಮುನವ್ವರ ತನ್ನ ಪುಸ್ತಕಕ್ಕೆ ಅಂಟಿಸಿದ್ದಾಳೋ ಇಲ್ಲವೋ, ಅವಳು ಕೇಳಲಿಲ್ಲ. ಕೆಲಸಕ್ಕೆ ಹೊತ್ತಾಗಿತ್ತು. ಚಪ್ಪಲಿ ಮೆಟ್ಟಿಕೊಂಡು ಕಾರ್ಖಾನೆಯ ಕಡೆ ನಡೆದಳು.