ಕತ್ತರಿ ಹಿಡಿದರೆ ಇಂಗ್ಲಿಷ್

ಈ ಕ್ಷೌರಿಕನ ಬಾಯಿಗೆ ಬೀಗ ಹಾಕುವುದು ಅವನ ಹೆಂಡತಿಯಿಂದಲೇ ಆಗಿರಲಿಲ್ಲ; ಸಂಜೆಯ ಇಂಗ್ಲಿಷ್ ತರಗತಿ ಒಂದೇ ದಿನದಲ್ಲಿ ಅದನ್ನು ಮಾಡಿತು. ರಸ್ತೆ ಅಗಲ ಮಾಡಲು ಅವನ ಅಂಗಡಿಯನ್ನು ಕೆಡವುವವರಿದ್ದರು. ದೊಡ್ಡ ಹೋಟೆಲಿನ ಸಲೂನಿನಲ್ಲಿ ಕೆಲಸವೇನೋ ಇತ್ತು, ಆದರೆ ಇಂಗ್ಲಿಷ್ ಮಾತಿನ ಪರೀಕ್ಷೆ ಪಾಸಾಗಬೇಕಂತೆ. ಐವತ್ತೆರಡರ ವಯಸ್ಸಿನಲ್ಲಿ ಬೆಂಚಿನ ಮೇಲೆ ಕೂತ. ಮೊದಲ ದಿನವೇ ಎದ್ದು ನಿಂತು, ನಿನ್ನೆ ಕೂದಲು ಕತ್ತರಿಸಿದೆ ಎನ್ನಲು ಹೋಗಿ "ಐ ಕಟೆಡ್" ಎಂದ. ತರಗತಿಯೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಆಮೇಲೆ ಅಲ್ಲಿ ಅವನ ನಾಲಿಗೆ ಏಳಲೇ ಇಲ್ಲ. ಎರಡು ಸಲ ಪರೀಕ್ಷೆಗೆ ಹೋಗಿ, ಎರಡು ಸಲವೂ ಫೇಲಾಗಿ ಬಂದ.

ಅಂಗಡಿಯಲ್ಲಿ ಮಾತ್ರ ಕಥೆಯೇ ಬೇರೆ. ಗಿರಾಕಿಯ ಕೆನ್ನೆಗೆ ನೊರೆ, ಕುತ್ತಿಗೆಗೆ ಕತ್ತಿ. ನಗುವ ಧೈರ್ಯ ಯಾರಿಗಿದೆ? "ಗೋ, ವೆಂಟ್! ಕಟ್, ಕಟ್!" ಎಂದು ಕೈಯ ಜೊತೆಗೆ ಬಾಯಿಯೂ ಓಡುತ್ತಿತ್ತು. ತಲೆ ಬೋಳಾಗುತ್ತಿದ್ದ ಅಂಚೆಯವನಿಗೆ "ಎ ಲಿಟಲ್ ಹೇರ್" ಎಂದ.

"ಹಾಗಂದ್ರೆ?"

"ಸ್ವಲ್ಪ ಇದೆ ಅಂತ. ಬರೀ ಲಿಟಲ್ ಅಂದ್ರೆ ಇಲ್ಲ ಅಂದ ಹಾಗೇ. ನಿಮ್ಮ ಮರ್ಯಾದೆಗೆ 'ಎ' ಸೇರಿಸಿದೀನಿ."

ಮೂರನೆಯ ಪರೀಕ್ಷೆಯ ದಿನ ಹೆಂಡತಿ, "ಇವತ್ತೂ ಬಾಯಿ ಬಿಡದಿದ್ರೆ ಆ ಕೆಲಸ ಬೇರೆಯವರಿಗೆ ಹೋಗುತ್ತೆ ನೋಡಿ," ಎಂದು ಎಚ್ಚರಿಸಿ ಕಳಿಸಿದಳು.

ನಿನ್ನೆ ಏನು ಮಾಡಿದಿರಿ ಎಂದು ಪರೀಕ್ಷಕರು ಇಂಗ್ಲಿಷಿನಲ್ಲಿ ಕೇಳಿದರು. ಇವನು ಕಂಬದಂತೆ ನಿಂತ. ಆದರೆ ಕಣ್ಣು ಸುಮ್ಮನಿರಬೇಕಲ್ಲ! ಅವರ ಎಡಗಿವಿಯ ಪಕ್ಕದ ಕೂದಲು ಬಲಗಡೆಗಿಂತ ಎರಡು ಬೆರಳು ಉದ್ದವಿತ್ತು. ಕೈ ತಾನಾಗಿ ಜೇಬಿನ ಕತ್ತರಿಗೆ ಹೋಯಿತು.

"ಸಾರ್, ಎಡಗಡೆ ಹೆಚ್ಚಾಗಿದೆ. ಸರಿ ಮಾಡ್ಲಾ?"

ಉತ್ತರಕ್ಕೆ ಕಾಯಲಿಲ್ಲ. ಕತ್ತರಿ ಆಡಿತು, ನಾಲಿಗೆಯೂ ಆಡಿತು. "ಐ ಓಪನ್ಡ್ ದ ಶಾಪ್. ಐ ಕಟ್ ಹೇರ್. ಐ ವೆಂಟ್ ಹೋಮ್. ಮೈ ವೈಫ್ ಶೌಟೆಡ್." ಪರೀಕ್ಷಕರು ಕುತ್ತಿಗೆ ಅಲುಗಿಸದೆ ಎಲ್ಲವನ್ನೂ ಕೇಳಿದರು.

"ಪಾಸು," ಎಂದು ಉಸಿರುಬಿಟ್ಟು ಬರೆದುಕೊಂಡರು. ಅವನು ಕತ್ತರಿಯನ್ನು ಜೇಬಿಗಿಳಿಸಿ ಕೈಮುಗಿದ. ಕಣ್ಣು ತುಂಬಿ ಬಂದಿತ್ತು. ಅವರು ಕಿವಿಯ ಪಕ್ಕ ಮುಟ್ಟಿ ನೋಡಿಕೊಂಡು, "ಇನ್ನೂ ಉಳಿದಿದೆಯೇನ್ರೀ?" ಎಂದರು.

"ಎ ಲಿಟಲ್, ಸಾರ್," ಎಂದ. ಹಾಗೆನ್ನುವಾಗ ಕೈಯಲ್ಲಿ ಕತ್ತರಿ ಇರಲಿಲ್ಲವೆಂಬುದು ಅವನಿಗೆ ಗೊತ್ತಾದದ್ದು ಬಾಗಿಲು ದಾಟಿದ ಮೇಲೆ.